ಸೆಕೆಂಡಿಗೆ ಒಂದೂವರೆ ಅಡಿ

ತೊಂಬತ್ತರ ದಶಕದ ನಡುವಿನ ಮಾತು. ಒಂದು ಕಲರ್ ಟಿವಿ, ಒಂದು ಡೆಕ್ಕು, ಮೂರು ಕ್ಯಾಸೆಟ್ಟು ಸೇರಿ ಒಂದು ರಾತ್ರಿಯ ಬಾಡಿಗೆ ₹100. ಗದ್ವಾಲ ಸೀಮೆಯ ಶಾಂತಿನಗರದ ನಮ್ಮ ಓಣಿಯಲ್ಲಿ ಪಟ್ಟಿ ಎತ್ತಿದರೆ ಇಪ್ಪತ್ತೈದು ಹುಡುಗರು ತಲೆಗೆ ₹4 ಹಾಕುತ್ತಿದ್ದರು. ಮೂರು ಪಿಚ್ಚರಿಗೆ ಹಂಚಿದರೆ ಒಂದಕ್ಕೆ ₹1.33 ಬಿತ್ತು. ಕಟ್ಟೆಯ ಮೇಲೆ, ಕೊರಳು ಬಿಚ್ಚಿದ ಬಂಡಿಯ ಮೇಲೆ ಕೂತು ಪುಕ್ಕಟೆ ನೋಡುವವರನ್ನೂ ಹಿಡಿದು ಎಪ್ಪತ್ತೈದು ತಲೆ ಅಂದುಕೊಂಡರೆ, ಒಂದು ತಲೆಗೆ ಒಂದು ಪಿಚ್ಚರು 44 ಪೈಸೆ. ಪಟ್ಟಿಯ ವಹಿ ನನ್ನ ಕೈಯಲ್ಲಿತ್ತು, ಹಾಗಾಗಿ ಈ ಲೆಕ್ಕ ಇನ್ನೂ ಬಾಯಿಪಾಠ.

ಮೂರು ಕ್ಯಾಸೆಟ್ಟು ಹಾಕುವುದಕ್ಕೂ ಒಂದು ಕ್ರಮವಿತ್ತು. ಮೊದಲು ದೇವರ ಪಿಚ್ಚರು, ಅಜ್ಜಿಯಂದಿರು ಕೈಮುಗಿದು ನೋಡಿ ಒಳಗೆ ಹೋಗುವ ತನಕ. ಆಮೇಲೆ ಫ್ಯಾಮಿಲಿ. ಹೆಣ್ಣುಮಕ್ಕಳು ಮಲಗಿದ ಮೇಲೆ, ಹನ್ನೆರಡೂವರೆ ಒಂದರ ಸುಮಾರಿಗೆ, ಫೈಟಿಂಗು. ಅದಕ್ಕೇ ಕಾಯುತ್ತಿದ್ದವರು ನಾವು. ಅಷ್ಟೊತ್ತಿಗೆ ಡೆಕ್ಕಿನ ಹೆಡ್ಡು ಕೊಳೆಯಾಗಿ ತೆರೆಯ ಮೇಲೆ ಬಿಳಿ ಗೆರೆ ಹಾಯುತ್ತಿದ್ದವು. ಮುಚ್ಚಳ ಬಿಚ್ಚಿ, ಹೊಸ ಹತ್ತರ ನೋಟನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ತಿರುಗುವ ಆ ಲೋಹದ ಡ್ರಮ್ಮಿಗೆ ಮೆಲ್ಲಗೆ ಒತ್ತಿ ಹಿಡಿಯುವ ಕೆಲಸ ಒಬ್ಬನಿಗೇ ಬರುತ್ತಿತ್ತು. ನೋಟು ಹಳೆಯದಾದರೆ ನಾರು ಬಿಡುತ್ತದೆ, ಆಗದು. ಒರೆಸಿದ ಮೇಲೆ ಆ ನೋಟು ಮತ್ತೆ ಪಟ್ಟಿಯ ದುಡ್ಡಿಗೇ ಸೇರುತ್ತಿತ್ತು, ಬಾಡಿಗೆಯ ಜೊತೆ ಅಂಗಡಿಗೂ ಹೋಗುತ್ತಿತ್ತು.

ಅಂಗಡಿಯಿಂದ ಬರೀ ಕ್ಯಾಸೆಟ್ಟು ತಂದರೆ ದಿನಕ್ಕೆ ₹10. ತಿರುಗಿ ಸುತ್ತದೆ ಕೊಟ್ಟರೆ ₹2 ದಂಡ. ವಿಎಚ್‌ಎಸ್ ಕ್ಯಾಸೆಟ್ಟಿನ ಅಳತೆ ಜಗತ್ತಿನಾದ್ಯಂತ ಒಂದೇ: 187 ಮಿಲಿಮೀಟರ್ ಉದ್ದ, 103 ಅಗಲ, 25 ದಪ್ಪ. ಅಂದರೆ ಮೀಟರ್ ಹಲಗೆಗೆ 40. ನಮ್ಮೂರ ಅಂಗಡಿಯಲ್ಲಿ ಎರಡು ಮೀಟರಿನ ಐದು ಹಲಗೆ, ತುಂಬಿದ ದಿನ 400 ಕ್ಯಾಸೆಟ್ಟು. ಎಲ್ಲ ಬಾಡಿಗೆಗೆ ಹೋದರೆ ದಿನಕ್ಕೆ ₹4,000, ಆದರೆ ಅಂಥ ದಿನ ಯಾವತ್ತೂ ಬಂದಿರಲಿಕ್ಕಿಲ್ಲ. ಹೋಗುತ್ತಿದ್ದದ್ದು ಕೆಳಗಿನ ಎರಡು ಹಲಗೆ, ಫೈಟಿಂಗಿನವು. ಮೇಲಿನ ದೇವರುಗಳ ಮೇಲೆ ಧೂಳು.

ಊರಿನ ಇತಿಹಾಸ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ, ಹಲಗೆಯ ಮೇಲಿನ ಭಾಷೆಗಳು ಅರ್ಥವಾಗಲು ಅದು ಬೇಕು. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ರಾಯಚೂರು ಮೈಸೂರಿಗೆ ಹೋಯಿತು, ಇವೆರಡು ಮಹಬೂಬ್‌ನಗರಕ್ಕೆ. 2016ರಲ್ಲಿ ಜೋಗುಲಾಂಬಾ ಗದ್ವಾಲ ಜಿಲ್ಲೆ ಆಯಿತು. ಮನೆಯಲ್ಲಿ ಕನ್ನಡ, ಪ್ಯಾಟೆಯಲ್ಲಿ ತೆಲುಗು, ಸಿನಿಮಾ ಎರಡರಲ್ಲೂ. ಅಂಗಡಿಯ ಹಲಗೆಯ ಮೇಲೆ ಬೆಂಗಳೂರು, ಹೈದರಾಬಾದು, ಮುಂಬಯಿ ಮೂರೂ ಸೆನ್ಸಾರ್ ಕಚೇರಿಗಳ ಸರಕು ಪಕ್ಕಪಕ್ಕ ಕೂತಿರುತ್ತಿತ್ತು.

ಕಚೇರಿಗಳು ಒಟ್ಟು ಒಂಬತ್ತು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಕೆಳಗೆ ಕೆಲಸ. 1983ರ ಜೂನ್ 1ರಿಂದ ಸರ್ಟಿಫಿಕೇಟು ನಾಲ್ಕು ಬಗೆ: ಯು, ಯುಎ, ಎ, ಎಸ್. ಅದೇ ದಿನ ಮಂಡಳಿಯ ಹೆಸರಿನಲ್ಲಿದ್ದ ‘ಸೆನ್ಸಾರ್’ ಹೋಗಿ ‘ಪ್ರಮಾಣೀಕರಣ’ ಬಂತು. ಜನರ ಬಾಯಲ್ಲಿ ಮಾತ್ರ ನಲವತ್ತು ವರ್ಷ ಕಳೆದರೂ ಸೆನ್ಸಾರೇ.

ಕತ್ತರಿಯ ಗಣಿತ ಹೀಗಿದೆ. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ, ಅಡಿಗೆ 16 ಚೌಕಟ್ಟು. ಸೆಕೆಂಡಿಗೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಪಿಚ್ಚರು ಅಂದರೆ 13,500 ಅಡಿ, ಸಾವಿರ ಅಡಿಯ ರೀಲಿನಲ್ಲಿ ಹದಿನಾಲ್ಕು ಡಬ್ಬಿ. ಆ ಕಾಲದಲ್ಲಿ ಕತ್ತರಿಯನ್ನು ಅಡಿಯಲ್ಲಿ, ಮೀಟರಿನಲ್ಲಿ ಬರೆಯುತ್ತಿದ್ದರು. ಮಚ್ಚು ಕುತ್ತಿಗೆಗೆ ಬೀಳುವ ಹೊಡೆತ ಎರಡು ಸೆಕೆಂಡಿನದು ಅಂದರೆ 3 ಅಡಿ. ಅಂಥ ಮೂವತ್ತು ಹೊಡೆತ ಪೂರ್ತಿ ತೆಗೆದರೂ 90 ಅಡಿ, ಒಂದು ನಿಮಿಷ. ಪಿಚ್ಚರಿನ 150ರಲ್ಲಿ 1 ಭಾಗ, ಶೇಕಡಾ 0.67. ಉಳಿದ 149 ಭಾಗದಲ್ಲಿ ಯಾರು ಯಾಕೆ ಮಚ್ಚು ಹಿಡಿದ, ಹಿಡಿದವನಿಗೆ ಊರು ಹೇಗೆ ಹೆದರಿತು, ಅದೆಲ್ಲ ಹಾಗೇ ಇರುತ್ತದೆ. ಮಂಡಳಿಗೆ ಕೇಂದ್ರ ಸರ್ಕಾರ 1991ರ ಡಿಸೆಂಬರಿನಲ್ಲಿ ಕೊಟ್ಟ ಮಾರ್ಗಸೂಚಿ ಹಿಂಸೆಯನ್ನು ವೈಭವೀಕರಿಸಬಾರದು, ಸಮರ್ಥಿಸಬಾರದು ಎನ್ನುತ್ತದೆ. ವೈಭವಕ್ಕೆ ಅಡಿಯ ಅಳತೆ ಇಲ್ಲ. ಹಿನ್ನೆಲೆ ಸಂಗೀತ, ನಿಧಾನಗತಿಯ ನಡಿಗೆ, ಹೊಗೆ ಇವುಗಳಲ್ಲೇ ಅದು ಇರುವುದು, ಮತ್ತು ಅವು ಯಾವುವೂ ಕತ್ತರಿಗೆ ಸಿಗುವ ಪದಾರ್ಥಗಳಲ್ಲ.

ನಮ್ಮ ಅಂಗಡಿ ಅಣ್ಣನ ವಿಧಾನ ಬೇರೆ. ವಹಿಯಲ್ಲಿ ಹೆಸರು ಬರೆದುಕೊಳ್ಳುವಾಗ ಒಮ್ಮೆ ಮುಖ ನೋಡುತ್ತಿದ್ದ.

“ಇದು ಬ್ಯಾಡ ತಮ್ಮಾ, ಭಾಳ ಕಡದಾಟ ಐತಿ. ನಿಮ್ಮಕ್ಕ ಬಾಣಂತಿ ಅದಾಳಲ್ಲ ಮನ್ಯಾಗ?”

“ನಾವು ಹೊರಗ ನೋಡ್ತೀವಣ್ಣ, ಓಣ್ಯಾಗ.”

“ಹಂಗಾದ್ರ ಒಯ್ಯಿ. ಸೌಂಡು ಕಮ್ಮಿ ಇಡ್ರಿ.”

ಒಂಬತ್ತು ಕಚೇರಿಗಳಿಗೆ ಗೊತ್ತಿರದ ಒಂದು ಸಂಗತಿ ಅವನಿಗೆ ಗೊತ್ತಿತ್ತು: ಯಾವ ಮನೆಯಲ್ಲಿ ಯಾರಿದ್ದಾರೆ. ಅವನು ದೊಡ್ಡ ನೀತಿವಂತ ಅಂತ ಹೇಳುತ್ತಿಲ್ಲ. ಅರ್ಧ ಕ್ಯಾಸೆಟ್ಟುಗಳ ಮೇಲೆ ಕೈಬರಹದ ಚೀಟಿ ಇರುತ್ತಿತ್ತು, ಅದರ ಅರ್ಥ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಚೀಟಿಯ ಬೆಲೆ ಕಾಗದದ ಮೇಲೆ ದೊಡ್ಡದಿತ್ತು. 1984ರ ತಿದ್ದುಪಡಿ ವಿಡಿಯೊವನ್ನು ಕಾಪಿರೈಟ್ ಕಾಯ್ದೆಯೊಳಗೆ ಎಳೆದು ತಂದಿತು. ಕ್ಯಾಸೆಟ್ಟಿನ ಮೇಲೆ ಸೆನ್ಸಾರ್ ಸರ್ಟಿಫಿಕೇಟಿನ ಪ್ರತಿ, ತಯಾರಿಸಿದವರ ಹೆಸರು ವಿಳಾಸ, ಹಕ್ಕಿನ ಮಾಲೀಕರ ವಿವರ ಇರಲೇಬೇಕು. ಕದ್ದ ಪ್ರತಿಗೆ ಆರು ತಿಂಗಳಿಂದ ಮೂರು ವರ್ಷ ಜೈಲು, ₹50,000ದಿಂದ ₹2 ಲಕ್ಷ ದಂಡ. ಕನಿಷ್ಠ ದಂಡ ತೀರಿಸಲು ₹10ರ ಬಾಡಿಗೆ 5,000 ಸಲ ಬರಬೇಕು. ಅದೇ ವರ್ಷ ಸಿನಿಮಾಟೋಗ್ರಾಫ್ ಕಾಯ್ದೆಯೂ ಬಿಗಿಯಾಯಿತು. ಸರ್ಟಿಫಿಕೇಟಿಲ್ಲದ ವಿಡಿಯೊ ಸಾರ್ವಜನಿಕವಾಗಿ ತೋರಿಸಿದರೆ ಕನಿಷ್ಠ 3 ತಿಂಗಳು, ಕನಿಷ್ಠ ₹20,000. ‘ಎ’ ಚಿತ್ರವನ್ನು ಹದಿನೆಂಟು ತುಂಬದವರಿಗೆ ತೋರಿಸುವುದೂ ಅಪರಾಧ. ವಿಡಿಯೊ ಪಾರ್ಲರುಗಳಿಗೂ ಸಿನಿಮಾ ಮಂದಿರದ ಹಾಗೆ ಲೈಸೆನ್ಸು ಬೇಕು ಎಂದು ಸುಪ್ರೀಂ ಕೋರ್ಟು 1993ರಲ್ಲಿ, ಹರಿಯಾಣದ ಲಕ್ಷ್ಮಿ ವಿಡಿಯೊ ಥಿಯೇಟರ್ಸ್ ಪ್ರಕರಣದಲ್ಲಿ ಹೇಳಿತು. ಇಷ್ಟೆಲ್ಲದರ ಹಿಡಿತ ತೋರಿಸುವವನ ಮೇಲೆ. ಕ್ಯಾಸೆಟ್ಟನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋಗುವ ಹನ್ನೆರಡರ ಹುಡುಗ ಯಾರಿಗೂ ಏನನ್ನೂ ‘ತೋರಿಸುತ್ತಿಲ್ಲ’. ಥಿಯೇಟರಿನ ಬಾಗಿಲಲ್ಲಿ ನಿಲ್ಲುವ ‘ಎ’ ಅಕ್ಷರ ನಮ್ಮೂರಿನಲ್ಲಿ ಆ ಚೀಲದ ಜೊತೆ ಆರಾಮಾಗಿ ನಡೆದು ಮನೆ ಸೇರುತ್ತಿತ್ತು.

ಬ್ರಿಟನ್ನು ಮಾತ್ರ ಮನೆಯ ಬಾಗಿಲಲ್ಲೇ ನಿಂತಿತು. ಅಲ್ಲಿಯೂ 1984ರಲ್ಲೇ ವಿಡಿಯೊ ರೆಕಾರ್ಡಿಂಗ್ಸ್ ಕಾಯ್ದೆ ಬಂದು, ಬಾಡಿಗೆಗೆ ಹೋಗುವ ಪ್ರತಿಯೊಂದು ಕ್ಯಾಸೆಟ್ಟಿಗೂ ವಯಸ್ಸಿನ ಮುದ್ರೆ ಕಡ್ಡಾಯವಾಯಿತು. ಆ ವರ್ಷಗಳಲ್ಲಿ ‘ಹೊಲಸು ವಿಡಿಯೊ’ಗಳೆಂದು ಸರ್ಕಾರಿ ವಕೀಲರ ಪಟ್ಟಿಗೆ ಹತ್ತಿದ್ದವು 72 ಚಿತ್ರ, ಅವುಗಳಲ್ಲಿ ಮೊಕದ್ದಮೆ ಗೆದ್ದದ್ದು 39ರ ಮೇಲೆ. ಕ್ವೆಂಟಿನ್ ಟ್ಯಾರಂಟಿನೋನ 1992ರ ‘ರಿಸರ್ವಾಯರ್ ಡಾಗ್ಸ್’ ಅಲ್ಲಿ ಥಿಯೇಟರಿನಲ್ಲಿ ಸಲೀಸಾಗಿ ಓಡಿತು, ಅದರ ವಿಡಿಯೊಗೆ ಮಾತ್ರ 1995ರವರೆಗೆ ಅನುಮತಿ ಸಿಗಲಿಲ್ಲ. ಮನೆಯಲ್ಲಿ ನೋಡುವವನ ಕೈಯಲ್ಲಿ ರಿವೈಂಡ್ ಗುಂಡಿ ಇರುತ್ತದೆ ಎಂಬುದು ಅಲ್ಲಿನವರನ್ನು ಕಾಡಿದ ದೊಡ್ಡ ಚಿಂತೆ. ಗುಂಡಿ ನಮ್ಮ ಕೈಯಲ್ಲೂ ಇತ್ತು. ಒಂದೇ ಹೊಡೆದಾಟವನ್ನು ನಾಲ್ಕು ಸಲ ಹಾಕಿಸಿಕೊಂಡು, ಹೆಡ್ಡು ಸವೆಯುತ್ತದೆಂದು ಬೈಸಿಕೊಂಡದ್ದುಂಟು.

ಟ್ಯಾರಂಟಿನೋ ನಿರ್ದೇಶಕನಾಗುವ ಮೊದಲು ಕ್ಯಾಲಿಫೋರ್ನಿಯಾದ ಒಂದು ವಿಡಿಯೊ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ರಾಮ್ ಗೋಪಾಲ್ ವರ್ಮಾ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ವಿಡಿಯೊ ಲೈಬ್ರರಿ ಇಟ್ಟಿದ್ದವರು. 1989ರ ಅಕ್ಟೋಬರಿನಲ್ಲಿ ಬಂದ ಅವರ ಮೊದಲ ಚಿತ್ರ ‘ಶಿವ’ದಲ್ಲಿ ನಾಗಾರ್ಜುನ ಸೈಕಲ್ಲಿನ ಚೈನು ಕಿತ್ತು ಹಿಡಿದ ಮೇಲೆ ನಮ್ಮ ಕಡೆ ಎಷ್ಟು ಸೈಕಲ್ಲುಗಳ ಚೈನು ಸುಮ್ಮಸುಮ್ಮನೆ ಸಡಿಲಾದವೋ, ಅದನ್ನು ವಹಿಯಲ್ಲಿ ಬರೆದಿಟ್ಟವರಿಲ್ಲ. ಕ್ರೈಂ ಚಿತ್ರದ ಎರಡು ದೊಡ್ಡ ಹೆಸರು ಬಾಡಿಗೆ ಕ್ಯಾಸೆಟ್ಟಿನ ಕಪಾಟಿನ ಹಿಂದಿನಿಂದ ಬಂದದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಯಾವ ಹಲಗೆ ದಿನವೂ ಖಾಲಿಯಾಗುತ್ತದೆ, ಯಾವುದರ ಮೇಲೆ ಧೂಳು ಕೂರುತ್ತದೆ ಎಂಬುದು ಅಂಗಡಿಯಲ್ಲಿ ಕೂತವನಿಗೆ ದಿನಾ ಕಾಣುವ ಲೆಕ್ಕ.

ಕನ್ನಡದ ಲಾಂಗು-ಮಚ್ಚಿನ ಲೆಕ್ಕ ಶುರುವಾಗುವುದು 1995ರ ಮೇ 19ರಿಂದ. ಉಪೇಂದ್ರ ನಿರ್ದೇಶನದ, ಶಿವರಾಜ್‌ಕುಮಾರ್ ಅಭಿನಯದ ‘ಓಂ’. ಬೆಂಗಳೂರಿನ ನಿಜವಾದ ರೌಡಿಗಳೇ ಕೆಲವು ಪಾತ್ರ ಮಾಡಿದ್ದರು. ಇದು 550ಕ್ಕೂ ಹೆಚ್ಚು ಸಲ ಮತ್ತೆ ಬಿಡುಗಡೆಯಾಯಿತೆಂದು ಲಿಮ್ಕಾ ದಾಖಲೆ ಪುಸ್ತಕ ಸೇರಿದೆ. ಇಪ್ಪತ್ತು ವರ್ಷಕ್ಕೆ, ಅಂದರೆ 240 ತಿಂಗಳಿಗೆ ಹಂಚಿ ನೋಡಿ: ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು, ರಾಜ್ಯದ ಯಾವುದೋ ಒಂದು ಟಾಕೀಸಿನಲ್ಲಿ. ಹೀಗೆ ಮತ್ತೆ ಮತ್ತೆ ಹಾಕಲು ಸಾಧ್ಯವಾದದ್ದಕ್ಕೆ ಒಂದು ಕಾರಣ, ಅಷ್ಟೂ ವರ್ಷ ಅದು ಟಿವಿಗೆ ಹೋಗಿರಲಿಲ್ಲ. 2015ರಲ್ಲಿ ಟಿವಿ ಹಕ್ಕು ₹10 ಕೋಟಿಗೆ ಮಾರಾಟವಾಯಿತೆಂದು ಪತ್ರಿಕೆಗಳು ಬರೆದವು. ಮನೆಗೆ ಹೋಗದೆ ಉಳಿದ ಹೊಡೆದಾಟಕ್ಕೆ ಬಂದ ಬೆಲೆ ಅದು.

ಟೇಪು ಹೋಗಿ ಸಿಡಿ ಬಂದಾಗ ಅಂಗಡಿಯ ಹಲಗೆ ಒಮ್ಮೆಲೇ ಸಣ್ಣದಾಯಿತು. ವಿಸಿಡಿಯಲ್ಲಿ 74ರಿಂದ 80 ನಿಮಿಷ ಹಿಡಿಯುತ್ತದೆ, ಹಾಗಾಗಿ ಎರಡೂವರೆ ಗಂಟೆಗೆ ಎರಡು ತಟ್ಟೆ. ಇಂಟರ್‌ವಲ್ಲು ಎಲ್ಲೇ ಬರಲಿ, ತಟ್ಟೆ ಬದಲಿಸುವುದೇ ಇಂಟರ್‌ವಲ್ಲು. ಆಮೇಲೆ ಫುಟ್‌ಪಾತಿನ ‘ಒಂದರಾಗ ಮೂರು’ ಡಿವಿಡಿ. ಇದನ್ನು ಮೋಸ ಅಂತ ಕೆಲವರು ತಿಳಿದಿದ್ದರು, ಲೆಕ್ಕ ಹಾಕಿದರೆ ಮೋಸವಿಲ್ಲ. ವಿಸಿಡಿಯ ಚಿತ್ರ-ಧ್ವನಿ ಸೇರಿ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್. ಡಿವಿಡಿಯ 4.7 ಗಿಗಾಬೈಟು ಅಂದರೆ 37,600 ಮೆಗಾಬಿಟ್. ಭಾಗಿಸಿದರೆ ಏಳೂವರೆ ಗಂಟೆಯ ಹತ್ತಿರ ಬರುತ್ತದೆ, ಎರಡೂವರೆ ಗಂಟೆಯ ಮೂರು ಪಿಚ್ಚರು ಸರಿಯಾಗಿ ಕೂರುತ್ತವೆ. ಕರ್ನೂಲು ತುಂಗಭದ್ರೆಯ ಆಚೆ ದಡ. ಅಲ್ಲಿನ ಫ್ಯಾಕ್ಷನ್ ಕಥೆಗಳ ‘ಸಮರಸಿಂಹಾರೆಡ್ಡಿ’ (1999), ‘ಇಂದ್ರ’ (2002) ಮಾದರಿಯವು ಈಚೆ ದಡದಲ್ಲಿ ಹೀಗೆ ಮೂರು ಮೂರರ ಗಂಟಿನಲ್ಲಿ ಬಿಕರಿಯಾದವು.

ಬಾಡಿಗೆ ಅಂಗಡಿಯ ಕುತ್ತಿಗೆ ಹಿಸುಕಿದ್ದು ಪೊಲೀಸರೂ ಅಲ್ಲ, ಸೆನ್ಸಾರೂ ಅಲ್ಲ. ಮೋಸರ್ ಬೇರ್ ಕಂಪನಿ ಹಕ್ಕು ಕೊಂಡ ಅಸಲಿ ವಿಸಿಡಿಯನ್ನು ₹28ಕ್ಕೆ, ಡಿವಿಡಿಯನ್ನು ₹34ಕ್ಕೆ ಮಾರಲು ತಂದಿತು. ₹10ರ ಬಾಡಿಗೆ ಮೂರು ಸಲ ಕೊಟ್ಟರೆ ₹30, ತಟ್ಟೆಯೇ ನಿಮ್ಮದಾಗುವುದಕ್ಕಿಂತ ₹2 ಜಾಸ್ತಿ. ಯಾರು ಬಾಡಿಗೆಗೆ ತರುತ್ತಾರೆ? ಆ ಕಂಪನಿಯೂ ಉಳಿಯಲಿಲ್ಲ, 2018ರಲ್ಲಿ ದಿವಾಳಿಯಾಗಿ ಮುಚ್ಚಿತು.

ದೊಡ್ಡ ಊರುಗಳಲ್ಲಿ ಸರಪಳಿ ಅಂಗಡಿಗಳ ಆಸೆ ಸ್ವಲ್ಪ ದಿನ ಬದುಕಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ಸೆವೆಂಟಿಎಂಎಂ ಮನೆಬಾಗಿಲಿಗೆ ಡಿವಿಡಿ ತಂದುಕೊಡುತ್ತಿತ್ತು. 2008ರಲ್ಲಿ ರಿಲಯನ್ಸಿನ ಬಿಗ್‌ಫ್ಲಿಕ್ಸ್ ಬಂತು. ಸಿನಿಮಾ ಪ್ಯಾರಡಿಸೊ ಎಂಬ ಅಂಗಡಿ ಅಮೆರಿಕದಿಂದ ಅಸಲಿ ಡಿವಿಡಿ ತರಿಸಿ ಬಾಡಿಗೆಗೆ ಕೊಡುತ್ತಿದ್ದಾಗ ವಾರ್ನರ್ ಬ್ರದರ್ಸ್ ಕೋರ್ಟಿಗೆ ಹೋಯಿತು. ದುಡ್ಡು ಕೊಟ್ಟು ಕೊಂಡದ್ದೇ ಆದರೂ ಬಾಡಿಗೆಗೆ ಕೊಡುವ ಹಕ್ಕು ನಿರ್ಮಾಪಕನದು ಎಂದು ದೆಹಲಿ ಹೈಕೋರ್ಟು 2009ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಆ ಲೆಕ್ಕದಲ್ಲಿ ನಮ್ಮಣ್ಣನ 400ರಲ್ಲಿ ಚೀಟಿ ಅಚ್ಚಾಗಿದ್ದ ಇನ್ನರ್ಧವೂ ಕಳ್ಳಮಾಲೇ.

ಅಮೆರಿಕದ ಬ್ಲಾಕ್‌ಬಸ್ಟರ್ 2004ರಲ್ಲಿ 9,094 ಅಂಗಡಿ ನಡೆಸುತ್ತಿತ್ತು, ಇಂದು ಆ ಹೆಸರು ಹೊತ್ತು ಉಳಿದದ್ದು ಆರೆಗನ್ ರಾಜ್ಯದ ಬೆಂಡ್ ಊರಿನ ಒಂದು. ಆ ಸರಪಳಿ ತಾನೇ ಸೆನ್ಸಾರ್ ಆಗಿತ್ತು: ಹದಿನೇಳರ ಕೆಳಗಿನವರಿಗೆ ಪೂರಾ ನಿಷಿದ್ಧವೆಂಬ ಮುದ್ರೆಯ ಚಿತ್ರಗಳನ್ನು ಇಡುವುದೇ ಇಲ್ಲವೆಂದಿತು. ಆ ಮುದ್ರೆ ಹೆಚ್ಚಾಗಿ ಬೀಳುತ್ತಿದ್ದದ್ದು ಮೈಯ ದೃಶ್ಯಗಳಿಗೆ, ಗುಂಡೇಟಿಗಲ್ಲ, ಹಾಗಾಗಿ ಮಾಫಿಯಾ ಚಿತ್ರಗಳು ಅಲ್ಲಿ ಸುಖವಾಗಿದ್ದವು. ಯೂಟಾದಲ್ಲಿ ಕ್ಲೀನ್‌ಫ್ಲಿಕ್ಸ್ ಎಂಬವರು ಬೈಗುಳ, ಬತ್ತಲೆ, ರಕ್ತ ಮೂರನ್ನೂ ತಾವೇ ಕತ್ತರಿಸಿ ಬಾಡಿಗೆಗೆ ಕೊಡುತ್ತಿದ್ದರು. ಕೋರ್ಟು 2006ರಲ್ಲಿ ಅದನ್ನು ನಿಲ್ಲಿಸಿತು. ಕತ್ತರಿಸಿದ ಪ್ರತಿ ಮಾಡಿ ಹಂಚುವುದೂ ಕಾಪಿರೈಟಿನ ಉಲ್ಲಂಘನೆ ಎಂದಾಯಿತು.

ಈಗ ‘ಎ’ ಅಕ್ಷರದ ಇಂದಿನ ಬೆಲೆಗೆ ಬರೋಣ, ಏಕೆಂದರೆ ದುಡ್ಡು ಇರುವುದು ಇಲ್ಲಿ. 2005ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ಆದೇಶ, 2006ರ ಕೇಬಲ್ ನಿಯಮದ ತಿದ್ದುಪಡಿ ಆದ ಮೇಲೆ ‘ಎ’ ಚಿತ್ರ ಟಿವಿಗೆ ಹೋಗುವಂತಿಲ್ಲ. ಕತ್ತರಿಸಿ, ಬೇರೆ ಸರ್ಟಿಫಿಕೇಟು ತಂದರೆ ಉಂಟು. ಅಲ್ಲಿಂದ ನಿರ್ಮಾಪಕ ಸೆಕೆಂಡುಗಳನ್ನು ತಾನೇ ಎಣಿಸತೊಡಗಿದ. ಪ್ರಶಾಂತ್ ನೀಲ್ ನಿರ್ದೇಶನದ, ಹೊಂಬಾಳೆಯವರ ‘ಕೆಜಿಎಫ್ 2’ (2022ರ ಏಪ್ರಿಲ್ 14) 168 ನಿಮಿಷ, ಮೆಷಿನ್ ಗನ್ನಿನ ಕೊಳವೆ ಕೆಂಪಗೆ ಕಾಯುವಷ್ಟು ಗುಂಡು ಹಾರಿದರೂ ‘ಯುಎ’. ಅದೇ ನಿರ್ದೇಶಕ, ಅದೇ ಬ್ಯಾನರಿನ ‘ಸಲಾರ್’ (2023ರ ಡಿಸೆಂಬರ್ 22) ‘ಎ’. ಗುಂಡಿಗೆ ಸಿಗುವ ರಿಯಾಯಿತಿ ಕತ್ತಿಗೆ ಸಿಗುವುದಿಲ್ಲ ಎಂದು ನನ್ನ ಅಂದಾಜು. ಗುಂಡು ದೂರದಿಂದ ಕೊಲ್ಲುತ್ತದೆ, ಅಂಗಾಂಗ ತೆರೆಯ ಮೇಲೆ ಕಾಣುವುದಿಲ್ಲ. ಮಲಯಾಳದ ‘ಮಾರ್ಕೊ’ (2024ರ ಡಿಸೆಂಬರ್ 20) ಟಿವಿಗಾಗಿ ‘ಯುಎ’ಗೆ ಇಳಿಸಿಕೊಡಿ ಎಂದು ಕೇಳಿದಾಗ ಮಂಡಳಿ ಒಪ್ಪಲಿಲ್ಲ. 2025ರ ಆಗಸ್ಟ್ 14ರಂದು ಬಂದ ರಜನಿಕಾಂತರ ‘ಕೂಲಿ’ಗೂ ‘ಎ’. ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳು ತಪ್ಪಿಹೋಗುತ್ತವೆಂದು ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು. (ಅದರಲ್ಲಿ ಒಂದು ಸಣ್ಣ ಪಾತ್ರಕ್ಕೆ ಉಪೇಂದ್ರ ಬರುತ್ತಾರೆ. ‘ಓಂ’ನಿಂದ ಇಲ್ಲಿಗೆ ಸರಿಯಾಗಿ ಮೂವತ್ತು ವರ್ಷ.) ಸೆಪ್ಟೆಂಬರ್ 11ಕ್ಕೆ, ಅಂದರೆ ಬಿಡುಗಡೆಯಾದ 28ನೇ ದಿನಕ್ಕೆ, ಅದೇ ‘ಎ’ ಚಿತ್ರ ಪ್ರೈಮ್ ವಿಡಿಯೊದಲ್ಲಿ ಮನೆಗೆ ಬಂತು. ಓಟಿಟಿಗೆ ಮಂಡಳಿಯ ಸರ್ಟಿಫಿಕೇಟಿನ ಹಂಗಿಲ್ಲ. 2021ರ ಫೆಬ್ರವರಿಯ ಐಟಿ ನಿಯಮದ ಪ್ರಕಾರ ವಯಸ್ಸಿನ ಮುದ್ರೆಯನ್ನು ಕಂಪನಿಯೇ ಒತ್ತಿಕೊಳ್ಳುತ್ತದೆ, ಬೀಗ ಹಾಕುವ ಸೌಲಭ್ಯ ತಂದೆತಾಯಿಯರ ಕೈಗೆ.

ಹನ್ನೆರಡರ ಹುಡುಗನ ಚೀಲ ಮತ್ತೆ ಬಂತು ಅನ್ನಿ, ಈ ಸಲ ಅಂಗಡಿ ಅಣ್ಣ ಇಲ್ಲ. ಖರ್ಚೂ ಹೆಚ್ಚು ಬದಲಾಗಿಲ್ಲ. 2024ರ ಜುಲೈನಲ್ಲಿ ದರ ಏರಿಸಿದ ಮೇಲೆ ಜಿಯೊದ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ರೀಚಾರ್ಜು ₹299 ಆಯಿತು. ದಿನಕ್ಕೆ ₹10.68. ಮೂವತ್ತು ವರ್ಷದ ಹಿಂದೆ ಒಂದು ಕ್ಯಾಸೆಟ್ಟಿಗೆ ಕೊಟ್ಟದ್ದಕ್ಕಿಂತ 68 ಪೈಸೆ ಜಾಸ್ತಿ, ಹೆಡ್ಡು ಒರೆಸುವ ನೋಟು ಬೇಡ. ಥಿಯೇಟರಿನ ದರ ಇದರ ಪಕ್ಕ ಇಟ್ಟು ನೋಡಿ. ತೆಲಂಗಾಣ 2021ರ ಡಿಸೆಂಬರಿನಲ್ಲಿ ಎಸಿ ಇರುವ ಒಂಟಿ ಪರದೆಗೆ ₹50ರಿಂದ ₹150, ಮಲ್ಟಿಪ್ಲೆಕ್ಸಿಗೆ ₹100ರಿಂದ ₹250 ಎಂದು ಕಟ್ಟಿತು, ತೆರಿಗೆ ಬೇರೆ. ಗಡಿಯಾಚೆ ಕರ್ನಾಟಕ 2025ರ ಸೆಪ್ಟೆಂಬರಿನಲ್ಲಿ ₹200ರ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ನಾಲ್ಕು ಮಂದಿಯ ಮನೆ ಗದ್ವಾಲಕ್ಕೋ ರಾಯಚೂರಿಗೋ ಹೋಗಿ ಒಂದು ಹೊಡೆದಾಟ ನೋಡಿ ಬರುವ ದುಡ್ಡಿನಲ್ಲಿ ಎರಡು ತಿಂಗಳ ರೀಚಾರ್ಜು ಆಗುತ್ತದೆ.

ಕದಿಯುವವನ ದಂಡವೂ ಬೆಳೆದಿದೆ. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ ಕನಿಷ್ಠ ₹3 ಲಕ್ಷ ಇಟ್ಟಿತು, ಗರಿಷ್ಠ ಚಿತ್ರದ ಲೆಕ್ಕಪರಿಶೋಧಿತ ನಿರ್ಮಾಣ ವೆಚ್ಚದ ಶೇಕಡಾ 5. ‘ಕೆಜಿಎಫ್ 2’ರ ವೆಚ್ಚ ₹100 ಕೋಟಿ ಎಂದು ಆಗ ಬಂದ ವರದಿಯನ್ನೇ ಹಿಡಿದರೆ ₹5 ಕೋಟಿ. ಅದೇ ತಿದ್ದುಪಡಿ ‘ಯುಎ’ಯನ್ನು 7, 13, 16 ವರ್ಷ ಎಂದು ಮೂರು ಮಾಡಿತು. ಕರ್ನಾಟಕ 2014ರಲ್ಲೇ ಇನ್ನೊಂದು ಹೆಜ್ಜೆ ಮುಂದೆ ಇಟ್ಟಿತ್ತು: 1985ರ ಗೂಂಡಾ ಕಾಯ್ದೆಗೆ ‘ಡಿಜಿಟಲ್ ಅಪರಾಧಿ’ಯನ್ನು ಸೇರಿಸಿ, ಸಿನಿಮಾ ಕದ್ದು ಮಾರುವವನನ್ನು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಇಡಬಹುದು ಎಂದಿತು. ರೌಡಿಗಳ ಪಿಚ್ಚರಿನ ಪ್ರತಿ ಮಾರುವವನೂ ರೌಡಿಯೂ ಒಂದೇ ಕಾಯ್ದೆಯ ಕೆಳಗೆ. ಇದನ್ನು ಕೇಳಿದ್ದರೆ ನಮ್ಮಣ್ಣ ನಗುತ್ತಿದ್ದ. ಅವನು ಅಷ್ಟೊತ್ತಿಗೆ ಅಂಗಡಿ ಮುಚ್ಚಿ ಹತ್ತಿ ಬೀಜದ ವ್ಯವಹಾರಕ್ಕೆ ಇಳಿದಿದ್ದ.

ಹೋದ ಹಿಂಗಾರಿನಲ್ಲಿ ಅವನ ಹೊಲದ ಕಡೆ ಹೋಗಿದ್ದೆ. ಬಿಳಿಜೋಳ ಹಾಲುಗಾಳಾಗಿ ನಿಂತಿತ್ತು. ಬದುವಿನ ನಾಲ್ಕೂ ಕಡೆ ಗೂಟ ನೆಟ್ಟು ಕ್ಯಾಸೆಟ್ಟಿನ ಟೇಪು ಎಳೆದಿದ್ದ. ಗಾಳಿಗೆ ಅದು ಝುಂಯ್ ಅನ್ನುತ್ತದೆ, ಬಿಸಿಲಿಗೆ ಹೊಳೆಯುತ್ತದೆ, ಗುಬ್ಬಿ ಬೆಳವ ಹತ್ತಿರ ಸುಳಿಯುವುದಿಲ್ಲ. ಮೂರು ತಾಸಿನ ವಿಎಚ್‌ಎಸ್ ಟೇಪು ಸೆಕೆಂಡಿಗೆ 23.39 ಮಿಲಿಮೀಟರ್ ಓಡುತ್ತದೆ, 10,800 ಸೆಕೆಂಡಿಗೆ 253 ಮೀಟರ್ ಬೇಕು, ಕಂಪನಿಯವರು ನಾಲ್ಕೈದು ಮೀಟರ್ ಹೆಚ್ಚಿಗೆ ಸುತ್ತಿರುತ್ತಾರೆ. ಚೌಕನೆಯ ಒಂದು ಎಕರೆಯ ಸುತ್ತಳತೆ 254 ಮೀಟರ್.

“ಎಕರೇಕ ಒಂದು ಕ್ಯಾಸೆಟ್ ಬರೋಬ್ಬರಿ ಆಗ್ತದ ತಮ್ಮಾ,” ಅಂದ. ಅವನದು ಐದು ಎಕರೆ. ಮನೆಯ ಅಟ್ಟದ ಮೇಲೆ ಇನ್ನೂ ಇನ್ನೂರಕ್ಕೆ ಹತ್ತಿರ ಇವೆಯಂತೆ.

“ಯಾವ ಪಿಚ್ಚರಣ್ಣಾ ಇದು?”

“ಕೆಳಗಿನ ಹಲಗಿದು,” ಅಂದ.